ಎರಡು ಸಲ ಒತ್ತಿದ್ದು

ಮೊದಲು, ದೀಪ ಒಂದೇ ಇರಲಿ.
ಎರಡಿದ್ದರೆ ಎರಡು ನೆರಳು, ನೆರಳು ಎರಡಾದರೆ
ಜಗತ್ತಿನ ನಾಣ್ಯವೆಲ್ಲ ಅಪರೂಪದ್ದೇ.
ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಅಂಚಲ್ಲಿ ಹಿಡಿ,
ತಾಮ್ರ ಬೆರಳನ್ನು ಮರೆಯುವುದಿಲ್ಲ.

ಯುಟಿಕಾದ ಜೆನೆಸೀ ಬೀದಿಯಲ್ಲಿ, ಕ್ಷೌರದಂಗಡಿಯ ಮಹಡಿಯಲ್ಲಿ
ಮೂವತ್ತೊಂದು ವರ್ಷ ಇದನ್ನೇ ಹೇಳಿದ್ದೇನೆ.
ಶನಿವಾರ ಶನಿವಾರ ಬರುತ್ತಾರೆ, ಕಾಲುಚೀಲದಲ್ಲಿ ಗಂಟು ಹಾಕಿಕೊಂಡು,
ಮಾತ್ರೆ ಡಬ್ಬಿಯಲ್ಲಿ ಕುಲುಕಿಸಿಕೊಂಡು:
"ನೋಡಿ, ಇಸವಿ ಜೋಡಿಯಾಗಿದೆ."
ನೋಡುತ್ತೇನೆ. ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲು,
ಅಕ್ಷರವನ್ನೇ ಕೊರೆದು ತಿಂದು ಮಾಡಿಕೊಂಡ ಜಾಗ.
ಹೊಡೆಯುವ ಗಳಿಗೆಯಲ್ಲಿ ಯಂತ್ರ ಕೊಂಚ ನಡುಗಿತ್ತು, ಅಷ್ಟೆ.
ಆ ನಡುಕ ಆ ಒಂದು ನಾಣ್ಯದ್ದು. ಬೆಲೆ? ಒಂದು ಸೆಂಟು.

ನಿಜವಾದದ್ದು ಹಾಗಲ್ಲ.
ಅದು ಅಕ್ಷರದಿಂದ ಕಳೆಯುವುದಿಲ್ಲ, ಕೂಡುತ್ತದೆ.
ದುಂಡಗೆ ಉಬ್ಬಿದ ಎರಡು ಗೆರೆ, ತುದಿಯಲ್ಲಿ ಸೀಳು,
ಹಾವಿನ ನಾಲಗೆಯ ಹಾಗೆ.
ನಾಣ್ಯ ಹುಟ್ಟುವ ಮೊದಲೇ ಅಚ್ಚು ಎರಡು ಸಲ ಒತ್ತಿಸಿಕೊಂಡಿತ್ತು,
ಎರಡನೇ ಸಲ ಕೂದಲೆಳೆಯಷ್ಟು ತಿರುಗಿ.
ಆಮೇಲೆ ಅದು ಹೆತ್ತದ್ದಕ್ಕೆಲ್ಲ ಅದೇ ಓರೆ.

ಅಸುಂತಾ ತಂದದ್ದು ಕರಕಲು.
ಅವಳಪ್ಪ ದಿನಕ್ಕೆ ಎರಡು ಪ್ಯಾಕು ಸೇದುತ್ತಿದ್ದನಂತೆ.
ಐವತ್ತೈದರಲ್ಲಿ ಸಿಗರೇಟು ಯಂತ್ರಕ್ಕೆ ಕಾಲು ಡಾಲರು ಹಾಕಿದರೆ
ಪ್ಯಾಕಿನ ಮಿಣುಗು ಹಾಳೆಯೊಳಗೇ ಎರಡು ಸೆಂಟು ಚಿಲ್ಲರೆ.
ನೆಲಮಾಳಿಗೆಯಲ್ಲಿ ಫ್ಯೂಸು ಹೋದ ರಾತ್ರಿ
ಹೊಸದಕ್ಕೆ ಯಾಕೆ ದುಡ್ಡು ಅಂತ
ಒಂದನ್ನು ಫ್ಯೂಸಿನ ಹಿಂದೆ ತುರುಕಿದ.
ಮನೆ ಸುಡಬಹುದಿತ್ತು. ಸುಡಲಿಲ್ಲ.
ಅವನು ಹೋದ, ತಾಯಿ ಹೋದಳು,
ಅರವತ್ತು ಚಳಿಗಾಲ ಅಡುಗೆಮನೆಯ ಬೆಳಕೆಲ್ಲ
ಅದನ್ನು ಹಾದೇ ಬಂತು.
ಹೋದ ವಾರ ವೈರಿಂಗ್ ಬದಲಿಸಲು ಬಂದ ಬೋಸ್ನಿಯಾದ ಸೇನಾದ್
ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ತನ್ನ ಭಾಷೆಯಲ್ಲಿ ಬೈದು,
ಅವಳ ಅಂಗೈಯಲ್ಲಿಟ್ಟ.

ದೀಪ ಒಂದೇ ಇಟ್ಟೆ. ಓರೆ ಮಾಡಿದೆ.
ಗಲ್ಲದ ಮೇಲೆ ಕಿಡಿ ಕಚ್ಚಿದ ಕುಳಿ. ಗಡ್ಡ ಕರಗಿ ಮಣಿಯಾಗಿದೆ.
ಮಸಿಯ ಆಚೆ ಒಂದು ಐದು,
ಅದರ ಹೆಗಲ ಮೇಲಿಂದ ಇಣುಕುವ ಇನ್ನೊಂದು ಐದು.
ಸ್ವಾತಂತ್ರ್ಯ ಎಂಬ ಪದಕ್ಕೆ ಎರಡೆರಡು ಬೆನ್ನು.
ನಾನು ಬಿಟ್ಟ ಉಸಿರು ಗಾಜಿಗೆ ಮಂಜು ಕಟ್ಟಿತು.

ಇದು ಅದೇ, ಅಂದೆ.
ಸುಡದಿದ್ದರೆ ವೈರಿಂಗಿನ ಖರ್ಚು ಇದೇ ಕೊಡುತ್ತಿತ್ತು, ಅಂದೆ.
ಅವಳು ನಕ್ಕಳು. ನಗುವಾಗ ಎಡಗಣ್ಣು
ಕೊಂಚ ಹೊರಗೆ ಜಾರಿತು.
ನಾನು ನೋಡಿದ್ದನ್ನು ನೋಡಿ
"ಅಪ್ಪನದ್ದೂ ಹೀಗೇ. ಅವನಮ್ಮನದ್ದೂ," ಅಂದಳು.

ಕಾಗದದ ಲಕೋಟೆಯ ಮೇಲೆ ಬರೆದೆ:
ಐವತ್ತೈದು. ಅಚ್ಚಿನದೇ ಜೋಡಿ. ಸುಟ್ಟಿದೆ.
ಫೀಸು ಬೇಡ ಎಂದರೂ
ಎರಡು ಸೆಂಟು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಳು.

ಅವನ್ನೂ ನೋಡಿದೆ, ಚಟ ಬಿಡುವುದಿಲ್ಲ.
ಏನಿಲ್ಲ. ಸವಕಲು.