ಹದಿನೇಳನೇ ಗೂಡು

ಚಳ್ಳಕೆರೆ ಬಸ್ಸು ಇಳಿದು ಒಂದೂವರೆ ಮೈಲಿ ನಡೆದರೆ ನನ್ನ ಗೇಟು.
ಗೇಟಿನ ಪಕ್ಕ ತಗಡಿನ ಶೆಡ್ಡು, ಶೆಡ್ಡಿನೊಳಗೆ ಮರದ ಗೂಡುಗಳು,
ನಲವತ್ತೆಂಟು.
ಯಾವುದೋ ಅಂಚೆ ಕಚೇರಿಯದ್ದಂತೆ, ಹರಾಜಲ್ಲಿ ತಂದದ್ದು;
ಹದಿನೇಳನೆಯದರ ಮೇಲೆ ಇನ್ನೂ
‘ಪರಶುರಾಂಪುರ’ ಅಂತ ಮಾಸಿದ ಬಣ್ಣ.
ಒಳಗೆ ಹೋಗುವವರು ಫೋನು ಕೊಡಬೇಕು,
ಹಿತ್ತಾಳೆ ಬಿಲ್ಲೆ ಇಸಕೊಳ್ಳಬೇಕು.
ಇಷ್ಟೇ ನನ್ನ ಕೆಲಸ.

‘ಒಂದು ಫೋನಿಂದ ಏನಾಗ್ತದೆ ಪಾಲಯ್ಯ?’
ಹೊಸ ಹುಡುಗರು ನಗುತ್ತಾರೆ.
ನನಗೇನು ಗೊತ್ತು. ಓದಿದ್ದು ಏಳನೇ ಕ್ಲಾಸು.
ಆದರೆ ಮನೆಯಲ್ಲಿ ಅಪ್ಪನ ರೇಡಿಯೋ ಇದೆ.
ಪಕ್ಕದಲ್ಲಿ ಫೋನಿಟ್ಟರೆ, ಕರೆ ಬರುವ ಎರಡು ಉಸಿರು ಮೊದಲೇ
ಟಿಕಿಟಿಕ್ ಟಿಕಿಟಿಕ್ ಟಿರ್ರ್ರ್
ವಾರ್ತೆ ಓದುವವಳ ಬಾಯಲ್ಲಿ
ಯಾರೋ ಶೇಂಗಾ ಒಡೆದ ಹಾಗೆ.
ಅಷ್ಟು ಹೊತ್ತು ಅವಳ ಮಾತು ನನಗಿಲ್ಲ.
ಮೇಲೆ ಹಾರುವುದಕ್ಕೂ ಒಂದು ಕಿವಿ ಇದ್ದೀತು,
ಅದೂ ಯಾರದೋ ಮಾತಿಗೆ ಕಾದೀತು.
ಅಷ್ಟು ತಿಳಿದರೆ ಸಾಕು, ಬಿಲ್ಲೆ ಕೊಡಲಿಕ್ಕೆ.

ಹಾರಿಸುವ ದಿನ ಕಾವಲಿನಲ್ಲಿ
ಗಾಳಿಯೂ ಮೆಟ್ಟು ಕೈಲಿ ಹಿಡಿದು ನಡೆಯುತ್ತದೆ.
ಬೇಲಿಯಾಚೆ ಕುರಿ ಬಿಟ್ಟುಕೊಂಡು ಗಾದ್ರಪ್ಪ
ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಾನೆ, ಆಳಿಲ್ಲದ ವಿಮಾನ.
‘ಎಮ್ಮೆ ಮೇಲೆ ಹುಡುಗನೇ ಇಲ್ಲ,
ಆದ್ರೂ ಮನೆಗೆ ಬರ್ತದಲ್ಲೋ!’

ಅವತ್ತು ಹದಿನೇಳು ನಡುಗಿತು.
ಮರ ಕೊರೆಯುವ ದುಂಬಿಯಂತೆ ಗುಂಯ್‌ಗುಟ್ಟುತ್ತ
ಫೋನು ತೆವಳಿ ತೆವಳಿ ಗೂಡಿನ ಅಂಚಿಗೆ ಬಂತು.
ಟವೆಲ್ಲು ಮಡಚಿ ಕೆಳಗೆ ಹಾಸಿದೆ.
ಪರದೆಯ ಮೇಲೆ ಎರಡೇ ಅಕ್ಷರ: ಮನೆ.
ಏಳು ಸಲ. ಎಂಟು.
ಬಿಲ್ಲೆ ವೈಜಯಂತಿ ಮೇಡಂ ಹತ್ತಿರ,
ಆ ಕಿವಿಯೊಂದಿಗೆ ಮಾತಾಡುವವರು ಅವರೇ.
ಶೆಡ್ಡಿನಲ್ಲಿ ತಂತಿ ಫೋನಿದೆ, ಒಳಗಿನದು;
ಬೆಂಕಿ ಬಿದ್ದರೆ ಮಾತ್ರ ಎತ್ತು ಅಂದಿದ್ದಾರೆ.
ಇದು ಬೆಂಕಿಯೋ ಅಲ್ಲವೋ
ಎತ್ತದೆ ತಿಳಿಯುವುದು ಹೇಗೆ?
ಸುಮ್ಮನೆ ಯಾರೂ ಹನ್ನೊಂದು ಸಲ ಕರೆಯುವುದಿಲ್ಲ.

ಎತ್ತಿದೆ.
‘ಅಮ್ಮಾ, ಬೆಕ್ಕು ಮರಿ ಹಾಕೈತೆ! ನಾಕು!’
‘ಅಮ್ಮ ಅಲ್ಲ ಪುಟ್ಟಾ, ಗೇಟು.’
ಆ ಕಡೆ ಸ್ವಲ್ಪ ಹೊತ್ತು ಉಸಿರು.
‘ಗೇಟು ಮಾತಾಡ್ತದಾ?’
‘ಇವತ್ತು ಒಂದು ಸಲ.’

ಆಮೇಲೆ ರಿಜಿಸ್ಟರು ತೆಗೆದು ಬರೆದೆ:
ಗೂಡು ಹದಿನೇಳು. ಹನ್ನೊಂದು ಕರೆ. ಒಮ್ಮೆ ಎತ್ತಿದ್ದೇನೆ. ತಪ್ಪು ನನ್ನದು.
ಸಹಿ.
ತಲೆಯ ಮೇಲೆ ಸದ್ದು ತಿರುಗುತ್ತಲೇ ಇತ್ತು,
ನಾಲ್ಕು ಕುರುಡು ಮರಿಗಳನ್ನು ಮಡಿಲಲ್ಲಿಟ್ಟುಕೊಂಡಂತೆ
ಅಲ್ಲಾಡದೆ ಕೂತಿದ್ದೆ ನಾನು.

ಐದೂಕಾಲಿಗೆ ಮೇಡಂ ಬಂದರು,
ಕಣ್ಣು ಕೆಂಪು, ಕಿವಿಯ ಸುತ್ತ ಪಟ್ಟಿಯ ಗುರುತು.
‘ಇಳೀತು ಪಾಲಯ್ಯ’ ಅಂದರು, ಬಿಲ್ಲೆ ಇಟ್ಟರು.
‘ನಾಕಂತೆ ಮೇಡಂ’ ಅಂದೆ.
ಅರ್ಥವಾಗಲು ಒಂದು ಗಳಿಗೆ.
ಆಮೇಲೆ ಶೆಡ್ಡಿನ ಕಂಬ ಹಿಡಿದು ನಕ್ಕರು, ನಕ್ಕರು,
ಕಣ್ಣೊರೆಸಿಕೊಂಡು ಕೇಳಿದರು:
‘ಯಾವ ಬಣ್ಣ?’

ಅಯ್ಯೋ.
ಅದೊಂದು ಕೇಳಲಿಲ್ಲ ನಾನು.