ಹನ್ನೊಂದು ನಿಮಿಷ

ಹಾಸನದ ಅರಸೀಕೆರೆ ರಸ್ತೆ, ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನ ಹಿಂದೆ
ಭಾನುವಾರ, ಲಾರಿ ಬಾರದ ಹೊತ್ತು,
ಮೂವರಿಗೆ ಒಂದೇ ಏರ್‌ಗನ್ನು, ಅದೂ ಇಲ್ಯಾಸನದು.
ಗುರಿಗೆ ಏನಿಡೋಣ?

ಕೊಳೆತ ಆಲೂಗಡ್ಡೆ ಇಟ್ಟೆವು ಮೊದಲು.
ಗುಂಡು ನುಂಗಿ ಸುಮ್ಮನಿತ್ತು
ಬೈಸಿಕೊಂಡ ಗುಮಾಸ್ತನ ಹಾಗೆ.
ಆಮೇಲೆ ಹಪ್ಪಳ, ದಾರಕ್ಕೆ ಕಟ್ಟಿ, ಕರಿದದ್ದು:
ತಾಗಿದರೆ ಚೂರೆಲ್ಲ ಇರುವೆಗೆ,
ತಪ್ಪಿದರೆ ಹೊಡೆದವನಿಗೆ.
ಜವರೇಶ ಬೇಕೆಂದೇ ತಪ್ಪುತ್ತಿದ್ದ.

ಸೀಮೆಸುಣ್ಣ ಸಿಡಿದರೆ ಬಿಳಿ ಹೊಗೆ,
ಪೌಡರ್ ಡಬ್ಬಕ್ಕೆ ಬಿದ್ದರೆ ಗೋದಾಮಿಗೆಲ್ಲ ಮಲ್ಲಿಗೆ,
ಪೇಸ್ಟಿನ ಮುಚ್ಚಳ ಹಾರಿದ್ದು ಇವತ್ತಿಗೂ ಸಿಕ್ಕಿಲ್ಲ.
ಬಲ್ಬು ಬೇಡ, ಅಂದ ಇಲ್ಯಾಸ್, ಗಾಜು ಬೇಡ,
ನಾಳೆ ಹಮಾಲರು ಬರಿಗಾಲಲ್ಲಿ ಬರ್ತಾರೆ.
ತಂತಿ ಮೇಲಿನ ಮೈನಾ ಆಗಬಹುದಾ ಅಂದೆ.
ಮಾತಾಡದೆ ಗನ್ನು ಕಸಿದುಕೊಂಡ,
ಎರಡು ಸರದಿ ಕೊಡಲಿಲ್ಲ.

ಕೊನೆಗೆ ಕಾವಲುಗಾರನ ಕೋಣೆಯ ಟೈಂಪೀಸು.
ಗಾಜು ಯಾವತ್ತೋ ಹೋಗಿತ್ತು,
ಕೀ ಕೊಟ್ಟರೂ ನಾಲ್ಕೂ ಹತ್ತು.
ಮರಳು ಚೀಲಗಳ ನಡುವೆ ಕೂರಿಸಿ,
ದೂರ ಸರಿದು,
ಉಸಿರು ಕಟ್ಟಿ ನಾನೇ ಒತ್ತಿದೆ.
ಠಣ್!
ಮಗುಚಿತು.
ಎತ್ತಲು ಹೋದ ಜವರೇಶ
ಕಿವಿಗೊತ್ತಿಕೊಂಡು ನಿಂತೇಬಿಟ್ಟ:
ಲೇ, ಓಡ್ತಿದೆ ಕಣ್ರೋ!

ಆಮೇಲೆ ಯಾರೂ ಹೊಡೆಯಲಿಲ್ಲ.
ಉಳಿದ ಹಪ್ಪಳ ಬಿಚ್ಚಿ ತಿಂದೆವು.

ಈಗ ಅದು ನನ್ನ ಕಿಟಕಿಯಲ್ಲಿದೆ,
ತಗಡಿನಲ್ಲಿ ಕಡಲೆಕಾಳಿನಷ್ಟು ತಗ್ಗು,
ದಿನಕ್ಕೆ ಹನ್ನೊಂದು ನಿಮಿಷ ಹಿಂದೆ.
ಮುಳ್ಳು ತಿರುಗಿಸುತ್ತೇನೆ, ಬೈಯುವುದಿಲ್ಲ.
ಹೊಡೆದವನು ನಾನು;
ಅಷ್ಟು ರಿಯಾಯಿತಿ ಇರಲಿ.