ಖಾಲಿ ಡಬ್ಬಿ

ಡಬ್ಬಿ ಬಂದದ್ದು ಮುಳಬಾಗಿಲಿನ ಆರೂವರೆ ಬಸ್ಸಿನಲ್ಲಿ,
ಕಂಡಕ್ಟರ್ ಸೀಟಿನಡಿ, ಟೊಮೆಟೊ ಕ್ರೇಟಿನ ಪಕ್ಕ.
ಹಳೇ ಸೀರೆಯಂಚಿನಲ್ಲಿ ಬಿಗಿದ ಅಮ್ಮನ ಗಂಟು,
ಹಲ್ಲಲ್ಲಿ ಕಚ್ಚದೆ ಬಿಚ್ಚದು.
ಒಳಗೆ ಮೊಳಕೆ ರಾಗಿಹಿಟ್ಟು,
ಅಕ್ಕನ ಕೂಸಿಗೆ ಸರಿಗೆಂದು ನೆನೆಸಿದ್ದರಲ್ಲಿ ನನ್ನ ಪಾಲು.
ಮೇಲೊಂದು ಚೀಟಿ:
“ಹಾಲಲ್ಲಿ ಕಾಯಿಸಿ ಕುಡಿ. ಕಣ್ಣು ಗುಳಿ ಬಿದ್ದಿದೆ.
ಡಬ್ಬಿ ಜೋಪಾನ.”

ಇಪ್ಪತ್ತೆರಡು ವರ್ಷದವಳಿಗೆ ಸರಿ!
ಎಸ್ತರ್ ನಕ್ಕೂ ನಕ್ಕೂ ಮಂಚದಿಂದ ಜಾರಿದಳು.
ಅವಳ ಮನೆ ಚಾಂಪಿಯನ್ ರೀಫಿನ ಗಣಿ ಲೈನಿನಲ್ಲಿ.
ಪ್ರತಿ ಕ್ರಿಸ್ಮಸ್ಸಿಗೂ ಅವಳಜ್ಜಿ ಉಪ್ಪಿನಕಾಯಿ ಜಾಡಿಯಲ್ಲಿ
ದ್ರಾಕ್ಷಿಯನ್ನು ನಲವತ್ತು ದಿನ ಕತ್ತಲಿಗೆ ಒಪ್ಪಿಸಿ
ಇಡೀ ಬೀದಿಗೆ ಅರ್ಧರ್ಧ ಲೋಟ ಹಂಚುತ್ತಿದ್ದಳಂತೆ.
ಹಾಗಾಗಿ ಹಿಟ್ಟು ಮೂಸಿ ಮೊದಲು ಹೇಳಿದ್ದು ಅವಳೇ:
“ಲೇ ಮುನಿರತ್ನಾ, ಇದು ಮಾಲ್ಟು ಕಣೇ.”

ಸೆಮಿನಾರಿಗೆ ಹೋಗಿದ್ದಾಗ ಒಂದೇ ಒಂದು ಸಲ
ತಾಮ್ರದ ಕೊಳಗಗಳು ಹೊಳೆಯುವ ಜಾಗದಲ್ಲಿ
ಒಂದು ಮಗ್ ತರಿಸಿ ಮೂವರು ಕುಡಿದಿದ್ದೆವು.
ಬಿಲ್ಲು ಮೆಸ್ಸಿನ ಒಂದು ವಾರ.
ನಾಲಿಗೆ ಮಾತ್ರ ಲೆಕ್ಕವಿಟ್ಟುಕೊಂಡಿತ್ತು:
ಕಿತ್ತಳೆ ಸಿಪ್ಪೆ, ಸೀದ ರೊಟ್ಟಿ,
ಆಮೇಲೆ ಹೆಸರೇ ಗೊತ್ತಿಲ್ಲದ ಒಂದು ಕಹಿ.

ನೀರು ಅಂತರಗಂಗೆಯದು.
ಬಸವನ ಬಾಯಿಂದ ಎರಡು ಕ್ಯಾನು ಹಿಡಿದು ಮೆಟ್ಟಿಲಿಳಿಯುವಾಗ
ಕೋತಿ ಎಸ್ತರಳ ದುಪಟ್ಟಾ ಎಳೆಯಿತು,
ನಾಗವೇಣಿ ಗಲ್ಲ ಗಲ್ಲ ಬಡಿದುಕೊಂಡಳು:
“ತಪ್ಪಾಯ್ತು ತಂದೆ, ಪಾಯಸಕ್ಕೆ ಅಂದುಕೋ.”
ಹಾಪ್ಸನ್ನು ಕೋಲಾರದ ಯಾವ ಅಂಗಡಿಯಲ್ಲಿ ಕೇಳೋಣ?
ಹಾಸ್ಟೆಲ್ಲಿನ ಹಿಂದೆ ಬೇವು ಹೂ ಬಿಟ್ಟಿತ್ತು.
ಯೀಸ್ಟನ್ನು ಬೇಕರಿಯ ಇನಾಯತ್ ಪೊಟ್ಟಣ ಕಟ್ಟಿಕೊಟ್ಟ,
ಯಾಕೆಂದು ಕೇಳದಿದ್ದದ್ದೇ ಅವನ ದೊಡ್ಡತನ.
ಬಿಸಿನೀರಲ್ಲಿ ಹಿಟ್ಟು ಒಂದು ಗಂಟೆ,
ಪಂಚೆಯಲ್ಲಿ ಸೋಸಿ, ಹೂ ಹಾಕಿ ಕುದಿಸಿ, ಆರಿಸಿ,
ಪೇಂಟಿನ ಬಕೆಟ್ಟಲ್ಲಿ ಮುಚ್ಚಿ ಮಂಚದ ಕೆಳಗೆ.

ರಾತ್ರಿ ಕಿವಿಗೊಟ್ಟರೆ
ಗುಳು, ಗುಳು.
ಮೇಲೆ ನಿದ್ದೆಗೆಟ್ಟ ಮೂವರು ಬಾಣಂತಿಯರು,
ಕೆಳಗೆ ಒಂದೇ ಕೂಸು.

ಸೋಡಾ ಸೀಸೆಗೆ ತುಂಬಿದ ನಾಲ್ಕನೇ ರಾತ್ರಿ ಒಂದು ಸಿಡಿಯಿತು.
ಬಾಗಿಲಲ್ಲಿ ವಾರ್ಡನ್ ಟಾರ್ಚು. “ಏನ್ರೇ ಅದು?”
“ಬಲ್ಬು, ಮೇಡಂ.”
ಬೆಳಗಾಗುವುದರೊಳಗೆ ಸಾಕ್ಷಿಗೆಂದು
ಒಳ್ಳೆಯ ಬಲ್ಬೊಂದನ್ನು ಒಡೆದಿಟ್ಟೆವು.

ಕೊನೇ ಪರೀಕ್ಷೆ ಮುಗಿದ ಸಂಜೆ, ತಾರಸಿ.
ಎದುರಿಗೆ ಶತಶೃಂಗದ ಬಂಡೆಗಳು ಇನ್ನೂ ಬಿಸಿ ಉಸಿರುತ್ತಿದ್ದವು.
ಸ್ಟೀಲ್ ಲೋಟದಲ್ಲಿ ನೊರೆ ಬಂದಿತು, ಎರಡು ಬೆರಳು,
ನಾವು ಬಾಯಿ ಹಾಕುವ ಮೊದಲೇ ಹೋಯಿತು.
ಅವಸರ ಯಾರಿಗೂ ಇರಲಿಲ್ಲ.
ಒಂದು ಗುಟುಕು, ಒಂದು ಹುರಿಗಡಲೆ, ಒಂದು ಸುಳ್ಳು.
ಹುಳಿಯಿತ್ತು, ಬೇವು ಗಂಟಲಲ್ಲಿ ತಡವಾಗಿ ಬಂದು ಕೂತಿತು,
ನಡುವೆಲ್ಲೋ ನಮ್ಮ ಮನೆಯ ಅಟ್ಟದ ವಾಸನೆ.
“ನಿನ್ನಮ್ಮ ಇದ್ದಾಳೆ ಇದರಲ್ಲಿ,” ಎಂದಳು ನಾಗವೇಣಿ.

ಖಾಲಿ ಡಬ್ಬಿ ಕೊಡಬಾರದು, ನಮ್ಮ ಕಡೆ ಹಾಗೆ.
ಚಿಟಿಕೆ ಸಕ್ಕರೆ, ಗತಿಯಿಲ್ಲದಿದ್ದರೆ ಎರಡೆಸಳು ಕರಿಬೇವು.
ಹಾಸ್ಟೆಲ್ಲಿನವಳ ಹತ್ತಿರ ಏನಿರುತ್ತದೆ?
ಉಳಿದಿದ್ದ ಒಂದು ಸೀಸೆಯನ್ನು ಪೇಪರಲ್ಲಿ ಸುತ್ತಿ
ಅದೇ ಕಂಡಕ್ಟರಿಗೆ ಕೊಟ್ಟೆ. ಅಲುಗಾಡಿಸಬೇಡಿ, ಅಷ್ಟೇ ಹೇಳಿದೆ.
ಚೀಟಿಯಲ್ಲಿ “ನಿನ್ನ ಹಿಟ್ಟಿನದು” ಎಂದು ಬರೆದು
ಮುಂದಿನ ಪದಕ್ಕೆ ಧೈರ್ಯ ಸಾಲದೆ ಮಡಚಿದೆ.

ಮೂರು ದಿನ ಫೋನಿಲ್ಲ.
ಅಪ್ಪ, ಅಕ್ಕ, ಬಾಣಂತನಕ್ಕೆ ಬಂದ ದೊಡ್ಡಮ್ಮ
ಎಲ್ಲರೂ ಸುತ್ತ ಕೂತು ಸೀಸೆಯನ್ನು ದಿಟ್ಟಿಸುವ ಹಾಗೆ
ಕ್ಲಾಸಿನಲ್ಲೇ ಕನಸು.

ನಾಲ್ಕನೆಯ ದಿನ ಆರೂವರೆಯ ಬಸ್ಸು. ಅದೇ ಸೀರೆಯಂಚು, ಅದೇ ಗಂಟು.
ಯಾರು ಕುಡಿದರು, ಎಷ್ಟು, ಬೈದರೋ ನಕ್ಕರೋ
ಏನೂ ಬರೆದಿರಲಿಲ್ಲ ಅಮ್ಮ.
“ಮೊಳಕೆ ಉದ್ದ ಬಂದುಬಿಟ್ಟಿತ್ತು, ಅದಕ್ಕೇ ಹಿಂದುಗಡೆ ಒಗರು.
ಈ ಸಲ ಒಂದು ದಿನ ಮುಂಚೇನೇ ಒಣಗಿಸಿದೀನಿ.”

ಹಿಟ್ಟಿನೊಳಗೆ ಹೂತಿಟ್ಟ ಸೀಸೆ ಕೈಗೆ ಸಿಕ್ಕಿತು.
ಅದನ್ನೂ ಖಾಲಿ ಕಳಿಸಿರಲಿಲ್ಲ.
ಕತ್ತಿನ ತನಕ ಹರಳೆಣ್ಣೆ.
ನೆತ್ತಿಗೆ, ಉಷ್ಣಕ್ಕೆ.